ಹಳೆಯ ಸ್ಪೋರ್ಟ್ಸ್ ಕಾರು: ಬೆಂಗಳೂರಿನಲ್ಲಿ ಯಾವ ಖರ್ಚು ಮೊದಲು, ಯಾವುದು ಆಮೇಲೆ

ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಂಡವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಪಿಕಪ್ ಹೆಚ್ಚಾಗಲು ಮೊದಲು ಏನು ಹಾಕಿಸಬೇಕು? ಮೊದಲ ವರ್ಷ ಪಿಕಪ್ಪಿಗಾಗಿ ಏನನ್ನೂ ಹಾಕಿಸಬೇಡಿ ಎಂಬುದು ನನ್ನ ಉತ್ತರ. ಹದಿನೈದು ಇಪ್ಪತ್ತು ವರ್ಷ ಓಡಿದ ಕಾರು ಕಾರ್ಖಾನೆಯಿಂದ ಬಂದಾಗಿನ ಶಕ್ತಿ, ಹಿಡಿತ ಮತ್ತು ಬ್ರೇಕುಗಳಲ್ಲಿ ಒಂದಷ್ಟನ್ನು ಆಗಲೇ ಕಳೆದುಕೊಂಡಿರುತ್ತದೆ. ಅದನ್ನು ಮರಳಿ ಪಡೆಯುವ ಕೆಲಸಕ್ಕೆ ಖರ್ಚು ಮಾಡಿದ ಹಣ ಯಾವುದೇ ಹೊಸ ಬಿಡಿಭಾಗಕ್ಕೆ ಸುರಿದ ಹಣಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಕೆಳಗಿನ ಹಂತಗಳನ್ನು ಆ ಲೆಕ್ಕದಲ್ಲೇ ಜೋಡಿಸಿದ್ದೇನೆ.

ಬರೆಯುವಾಗ ನನ್ನ ಕಣ್ಣ ಮುಂದಿರುವುದು ನಮ್ಮ ಊರಿನಲ್ಲಿ ಇಂದಿಗೂ ಕಾಣಸಿಗುವ ಕಾರುಗಳು: ಮೊದಲ ತಲೆಮಾರಿನ ಹೋಂಡಾ ಸಿಟಿಯ 1.5 ವಿಟೆಕ್, ಫಿಯಟ್ ಪಾಲಿಯೋ 1.6, 150 ಅಶ್ವಶಕ್ತಿಯ 1.8 ಟರ್ಬೊ ಎಂಜಿನ್ನಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಸ್ವಲ್ಪ ಅನುಕೂಲಸ್ಥರ ಮನೆಯಲ್ಲಾದರೆ ಹಳೆಯ ಪೋರ್ಷೆ ಬಾಕ್ಸ್‌ಟರ್ ಅಥವಾ ಬಿಎಂಡಬ್ಲ್ಯೂ ಜಡ್4. ಮಾದರಿ ಬೇರೆಯಾದರೂ ಕೆಲಸದ ಕ್ರಮ ಬದಲಾಗುವುದಿಲ್ಲ.

ಮೊದಲು ಕೈಯಲ್ಲಿರಬೇಕಾದವು

ನಿಮ್ಮ ಮಾದರಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ಎಲ್ಲಕ್ಕಿಂತ ಮುಖ್ಯ. ಅದರ ಜೊತೆಗೆ ಒಂದು ಟಾರ್ಕ್ ರೆಂಚ್, ಅಂದರೆ ಬೋಲ್ಟನ್ನು ಎಷ್ಟು ಬಲದಿಂದ ಬಿಗಿಯುತ್ತಿದ್ದೇವೆ ಎಂಬುದನ್ನು ತೋರಿಸುವ ಪಾನಾ, ಒಂದು ಮಲ್ಟಿಮೀಟರ್, ಒಳ್ಳೆಯ ಟಾರ್ಚ್, ಒಂದು ಜೊತೆ ಜಾಕ್ ಸ್ಟ್ಯಾಂಡ್ ಮತ್ತು ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರ್ ಬೇಕು. ಇಸವಿ 2010ಕ್ಕಿಂತ ಹಿಂದಿನ ನಮ್ಮ ದೇಶದ ಹಲವು ಕಾರುಗಳಲ್ಲಿ ಅಗ್ಗದ ಸ್ಕ್ಯಾನರ್ ಕೆಲಸ ಮಾಡುವುದಿಲ್ಲ, ಆದ್ದರಿಂದ ಕೊಳ್ಳುವ ಮುನ್ನ ನಿಮ್ಮ ಕಾರಿಗೇ ಹಚ್ಚಿ ನೋಡಿ. ಬರೀ ಜಾಕಿನ ಮೇಲೆ ನಿಂತಿರುವ ಕಾರಿನ ಕೆಳಗೆ ತಲೆ ಹಾಕಬೇಡಿ, ಅದು ಅರ್ಧ ನಿಮಿಷದ ಕೆಲಸವಾಗಿದ್ದರೂ ಸರಿ.

ಹಂತ 1: ದಾಖಲೆಗಳು

ಹದಿನೈದು ವರ್ಷ ತುಂಬಿದ ಕಾರನ್ನು ಗುಜರಿಗೆ ಹಾಕಲೇಬೇಕೇ ಎಂದು ಹಲವರು ಆತಂಕದಿಂದ ಕೇಳುತ್ತಾರೆ. ಪೆಟ್ರೋಲ್ ಕಾರಿಗೆ 15 ವರ್ಷ, ಡೀಸೆಲ್ ಕಾರಿಗೆ 10 ವರ್ಷ ಎಂಬ ಕಟ್ಟುಪಾಡು ಹುಟ್ಟಿದ್ದು ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯಕ್ಕಾಗಿ. ಕರ್ನಾಟಕದಲ್ಲಿ ಕಾರು ತಪಾಸಣೆಯಲ್ಲಿ ತೇರ್ಗಡೆಯಾದರೆ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ನಮ್ಮಲ್ಲಿ ಇದನ್ನೇ 'ಎಫ್‌ಸಿ ಮಾಡಿಸುವುದು' ಎನ್ನುತ್ತಾರೆ. ಅವಧಿ ಮುಗಿಯುವುದಕ್ಕೆ 60 ದಿನ ಮುಂಚಿನಿಂದ ಅರ್ಜಿ ಹಾಕಬಹುದು. ಕೇಂದ್ರದ ಶುಲ್ಕ ಏಪ್ರಿಲ್ 2022ರಲ್ಲಿ ಕಾರಿಗೆ 5,000 ರೂಪಾಯಿಗೆ ಏರಿತ್ತು, ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಬೇರೆ. ವಿಮೆ, ಹೊಗೆ ತಪಾಸಣೆಯ ಪತ್ರ ಮತ್ತು ಎಚ್‌ಎಸ್‌ಆರ್‌ಪಿ ಫಲಕ, ಈ ಮೂರೂ ಸರಿಯಾಗಿದ್ದರೆ ಆರ್‌ಟಿಒ ಕಚೇರಿಯ ಓಡಾಟ ಅರ್ಧಕ್ಕಿಳಿಯುತ್ತದೆ.

ಮಾರ್ಪಾಡಿನ ಕಾನೂನನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿ ನಮೂದಾಗಿರುವ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಜನವರಿ 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಉಲ್ಲಂಘಿಸಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸಕ್ಕೆ ಅವಕಾಶವಿದೆ. ಸವೆದ ಭಾಗದ ಜಾಗಕ್ಕೆ ಅದೇ ಅಳತೆಯ ಉತ್ತಮ ಭಾಗ ಹಾಕಿಸುವುದಕ್ಕೂ ಎಂಜಿನ್ ಬದಲಿಸುವುದಕ್ಕೂ ಅಜಗಜಾಂತರವಿದೆ. ಈ ಲೇಖನ ಮೊದಲನೆಯದರ ಎಲ್ಲೆಯೊಳಗೇ ಇರಲು ನೋಡುತ್ತದೆ.

ಹಂತ 2: ಈಗಿನ ಸ್ಥಿತಿಯನ್ನು ಅಳೆದು ಬರೆದಿಡಿ

ಯಾವ ಭಾಗವನ್ನೂ ಬಿಚ್ಚುವ ಮುನ್ನ ನಾಲ್ಕು ಅಳತೆಗಳನ್ನು ತೆಗೆದುಕೊಳ್ಳಿ. ಬ್ಯಾಟರಿಯ ವೋಲ್ಟೇಜು ರಾತ್ರಿಯಿಡೀ ನಿಂತ ಕಾರಿನಲ್ಲಿ ಸುಮಾರು 12.6 ಇರಬೇಕು, ಎಂಜಿನ್ ಓಡುವಾಗ 13.8ರಿಂದ 14.4ರ ನಡುವೆ ಇರಬೇಕು. ಎರಡನೆಯದು ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಿ ಹಿಡಿಯಬಲ್ಲದು ಎಂಬ ತಪಾಸಣೆ. ಅಂಕಿ ಎಷ್ಟೆಂಬುದಕ್ಕಿಂತ ಸಿಲಿಂಡರುಗಳ ನಡುವಿನ ಅಂತರ ಮುಖ್ಯ. ಅದು ಶೇ. 10ರಿಂದ 15ನ್ನು ಮೀರಿದರೆ ವಾಲ್ವ್, ರಿಂಗ್ ಅಥವಾ ಹೆಡ್ ಗ್ಯಾಸ್ಕೆಟ್ಟಿನ ಕಡೆ ಅನುಮಾನ ಪಡಬೇಕು, ಆ ಕೆಲಸ ಮುಗಿಯುವವರೆಗೆ ಬೇರೆ ಖರ್ಚಿಗೆ ಕೈ ಹಾಕಬಾರದು. ಮೂರನೆಯದು ಸ್ಕ್ಯಾನರ್ ತೋರಿಸಿದ ದೋಷಗಳ ಪಟ್ಟಿ. ಅಳಿಸುವ ಮುನ್ನ ಫೋಟೊ ತೆಗೆದಿಡಿ. ನಾಲ್ಕನೆಯದಕ್ಕೆ, ರಾತ್ರಿ ಕಾರಿನ ಕೆಳಗೆ ಒಂದು ದೊಡ್ಡ ರಟ್ಟನ್ನು ಹಾಸಿ, ಬೆಳಗ್ಗೆ ಯಾವ ಬಣ್ಣದ ಕಲೆ ಯಾವ ಜಾಗದಲ್ಲಿ ಬಿದ್ದಿದೆ ಎಂದು ಗುರುತು ಹಾಕಿಕೊಳ್ಳಿ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದು ಇಲ್ಲಿನ ಗಾಳಿ ತೆಳುವಾಗಿದೆ. ಟರ್ಬೊ ಇಲ್ಲದ ಎಂಜಿನ್ ಚೆನ್ನೈ ಅಥವಾ ಮಂಗಳೂರಿನಲ್ಲಿ ಕೊಡುವ ಶಕ್ತಿಗಿಂತ ಇಲ್ಲಿ ಶೇ. 10ರ ಆಸುಪಾಸು ಕಡಿಮೆ ಕೊಡುವುದು ಸಹಜ. ಅದು ಕಾಯಿಲೆಯಲ್ಲ, ಅದಕ್ಕೆ ಮದ್ದು ಹುಡುಕುತ್ತಾ ಹಣ ಕಳೆಯಬೇಡಿ.

ಹಂತ 3: ಎಂಜಿನ್ನಿನ ಬಿಸಿ

ಈ ಹಂತದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ಊರಿನ ಹಳೆಯ ಕಾರುಗಳ ಎಂಜಿನ್ ಕೆಡುವುದಕ್ಕೆ ವೇಗಕ್ಕಿಂತ ನಿಂತಲ್ಲೇ ನಿಲ್ಲುವ ಟ್ರಾಫಿಕ್ ದೊಡ್ಡ ಕಾರಣ. ಹವೆ ತಂಪಾಗಿದೆ, ಇಲ್ಲಿ ಕಾರು ಬಿಸಿಯಾಗುವುದಿಲ್ಲ ಎಂದು ನಂಬಿದವರು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಸಿ ಹಾಕಿಕೊಂಡು ಅರ್ಧ ಗಂಟೆ ನಿಂತಾಗ ರೇಡಿಯೇಟರಿಗೆ ಗಾಳಿ ಎಲ್ಲಿಂದ ಬರುತ್ತದೆ ಎಂದು ಯೋಚಿಸಿರುವುದಿಲ್ಲ. ಓಡುವ ಕಾರಿಗೆ ಎದುರುಗಾಳಿಯ ನೆರವಿರುತ್ತದೆ, ನಿಂತ ಕಾರಿಗೆ ಫ್ಯಾನೇ ಗತಿ.

ತಣ್ಣಗಿರುವ ಎಂಜಿನ್ನಿನ ಮುಂದೆ ನಿಂತು ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಒಳ್ಳೆಯ ರಬ್ಬರ್ ಬಗ್ಗಿ, ಬಿಟ್ಟ ಕೂಡಲೇ ಮೊದಲಿನ ಆಕಾರಕ್ಕೆ ಬರುತ್ತದೆ. ಒತ್ತಿದಾಗ ಕರಕರ ಎಂದರೆ ಒಳಗೆ ಉಪ್ಪು ಕಟ್ಟಿದೆ, ಮೆತ್ತಗೆ ಜೋಲುಬಿದ್ದರೆ ರಬ್ಬರಿನ ಜೀವ ಹೋಗಿದೆ. ಆಮೇಲೆ ಪೈಪು ಕ್ಲಿಪ್ಪಿಗೆ ಸಿಕ್ಕಿಕೊಳ್ಳುವ ತುದಿಯನ್ನು ಬೆರಳಾಡಿಸಿ ನೋಡಿ, ಅಲ್ಲಿ ಉಬ್ಬಿದ್ದರೆ ಒಡೆಯಲು ಹೆಚ್ಚು ದಿನವಿಲ್ಲ. ವಾಟರ್ ಪಂಪಿನ ಕೆಳಭಾಗದಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಅದರ ಸುತ್ತ ಒಣಗಿದ ಬಿಳಿ ಅಥವಾ ಗುಲಾಬಿ ಬಣ್ಣದ ಕಲೆ ಕಂಡರೆ ಪಂಪಿನ ಸೀಲ್ ಸೋರಲು ಶುರುವಾಗಿದೆ ಎಂದೇ ಅರ್ಥ. ಆಕ್ಟೇವಿಯಾದ 1.8 ಟರ್ಬೊದಲ್ಲಿ ಪಂಪಿನೊಳಗಿನ ಪ್ಲಾಸ್ಟಿಕ್ ಚಕ್ರ ಮುರಿಯುವುದು ಹಳೆಯ ದೂರು, ಬದಲಿಸುವಾಗ ಲೋಹದ ಚಕ್ರವಿರುವ ಪಂಪನ್ನೇ ಕೇಳಿ.

ಕೂಲಂಟ್ ಎಂದರೆ ಎಂಜಿನ್ನನ್ನು ತಣ್ಣಗಿಡುವ, ತುಕ್ಕು ಹಿಡಿಯದಂತೆ ಕಾಯುವ ದ್ರವ. ನಮ್ಮ ಎತ್ತರದಲ್ಲಿ ಬರೀ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕೂಲಂಟ್ ಬೆರಸಿ, ಮುಚ್ಚಳ ಒತ್ತಡವನ್ನು ಹಿಡಿದಿಟ್ಟಾಗ ಮಾತ್ರ ಆ ಕುದಿಬಿಂದು ಮೇಲೇರುತ್ತದೆ. ಆದ್ದರಿಂದಲೇ ರೇಡಿಯೇಟರಿನ ಹಳೆಯ ಮುಚ್ಚಳವನ್ನು ಹೊಸ ಕೂಲಂಟ್ ಜೊತೆಗೇ ಬದಲಿಸಬೇಕು. ಸಾಂದ್ರ ಕೂಲಂಟ್ ಕೊಂಡರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರಸಿ. ಬೋರ್‌ವೆಲ್ ನೀರು ಮಾತ್ರ ಬೇಡ. ಆ ಗಡಸು ನೀರು ಬಕೆಟ್ಟಿನ ಅಂಚಿನಲ್ಲಿ ಕಟ್ಟುವ ಬಿಳಿ ಉಪ್ಪು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಬೇರೆ ಬೇರೆ ಬಗೆಯ ಕೂಲಂಟುಗಳನ್ನು ಬಣ್ಣ ನೋಡಿ ಬೆರಸುವುದೂ ತಪ್ಪು, ಏಕೆಂದರೆ ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವಿಲ್ಲ.

ನಂತರ ಎಂಜಿನ್ನನ್ನು ಎಸಿ ಇಲ್ಲದೆ ನಿಂತಲ್ಲೇ ಓಡಲು ಬಿಟ್ಟು, ಫ್ಯಾನ್ ತಾನಾಗಿ ತಿರುಗಿ, ನಿಂತು, ಮತ್ತೆ ತಿರುಗುವವರೆಗೆ ಕಾಯಿರಿ. ಈ ಸುತ್ತು ಎರಡು ಸಲ ಸರಿಯಾಗಿ ನಡೆಯಬೇಕು. ಇಲ್ಲಿ ನಮ್ಮ ಗ್ಯಾರೇಜುಗಳ ಎರಡು ಅಡ್ಡದಾರಿಗಳ ಬಗ್ಗೆ ಎಚ್ಚರಿಸಬೇಕು. ಮೊದಲನೆಯದು, ಕಾರು ಬಿಸಿಯಾದರೆ ಥರ್ಮೋಸ್ಟಾಟನ್ನೇ, ಅಂದರೆ ಎಂಜಿನ್ನಿನ ಬಿಸಿಗೆ ತಕ್ಕಂತೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವನ್ನೇ, ಕಿತ್ತು ಬಿಸಾಡುವುದು. ಹಾಗೆ ಮಾಡಿದ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ, ಸಿಲಿಂಡರಿನ ಸವೆತವೂ ಹೆಚ್ಚುತ್ತದೆ. ಎರಡನೆಯದು, ಸೆನ್ಸರ್ ಕೆಟ್ಟರೆ ಫ್ಯಾನಿಗೆ ನೇರವಾಗಿ ವೈರ್ ಎಳೆದು ಸ್ವಿಚ್ ಕೊಡುವುದು. ಒಂದು ದಿನ ಆ ಸ್ವಿಚ್ ಹಾಕಲು ಮರೆತರೆ ಬಿಸಿಗೆ ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗ, ಬಾಗುತ್ತದೆ. ಎರಡಕ್ಕೂ ಬೇಕಾದ ಅಸಲಿ ಭಾಗಗಳ ಬೆಲೆ ಹೆಡ್ ಕೆಲಸದ ಬಿಲ್ಲಿನ ಮುಂದೆ ಏನೇನೂ ಅಲ್ಲ. ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿಯುವ ದ್ರವ ನೇರ ಮುಖಕ್ಕೆ ಚಿಮ್ಮುತ್ತದೆ, ಇದನ್ನು ಸಹಾಯಕ್ಕೆ ಬಂದವರಿಗೂ ಹೇಳಿ.

ಹಂತ 4: ಬೆಲ್ಟ್, ಆಯಿಲ್, ಪೆಟ್ರೋಲ್ ಪೈಪು

ಟೈಮಿಂಗ್ ಬೆಲ್ಟ್ ಎಂದರೆ ಪಿಸ್ಟನ್ ಮತ್ತು ವಾಲ್ವುಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸಿಡುವ ಹಲ್ಲಿನ ರಬ್ಬರ್ ಪಟ್ಟಿ. ಅದು ತುಂಡಾದರೆ ಹಲವು ಎಂಜಿನ್‌ಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಮ್ಯಾನ್ಯುಯಲ್ ಕಿಲೋಮೀಟರ್ ಹೇಳುತ್ತದೆ ನಿಜ, ಆದರೆ ರಬ್ಬರಿಗೆ ವಯಸ್ಸೂ ಒಂದು ಲೆಕ್ಕ. ಹಿಂದಿನ ಮಾಲೀಕರು ಬದಲಿಸಿದ ಬಿಲ್ ಕೈಯಲ್ಲಿಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದು ಈಗಲೇ ಬದಲಿಸಿ, ಅದೇ ಕೂಲಿಯಲ್ಲಿ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್ ಮತ್ತು ವಾಟರ್ ಪಂಪನ್ನೂ ಮುಗಿಸಿ. ಬಾಕ್ಸ್‌ಟರ್ ಮತ್ತು ಜಡ್4ನಲ್ಲಿರುವುದು ಚೈನ್. ಬೆಲ್ಟಿನ ಚಿಂತೆ ಅವುಗಳ ಮಾಲೀಕರಿಗಿಲ್ಲ, ಆದರೆ ಮೊದಲ ತಲೆಮಾರಿನ ಬಾಕ್ಸ್‌ಟರ್ ಕೊಂಡವರು ಎಂಜಿನ್ನಿನ ನಡುವಿನ ಶಾಫ್ಟಿನ ಬೇರಿಂಗಿನ ಬಗ್ಗೆ, ಅಂದರೆ ಐಎಂಎಸ್ ಬೇರಿಂಗ್ ಬಗ್ಗೆ, ಆ ಕಾರು ಬಲ್ಲ ಮೆಕ್ಯಾನಿಕ್ಕಿನ ಹತ್ತಿರ ಮಾತಾಡಲೇಬೇಕು.

ಆಯಿಲ್ ಬದಲಿಸುವ ಅವಧಿಯನ್ನು ಓಡೋಮೀಟರ್ ನೋಡಿ ನಿರ್ಧರಿಸಿದರೆ ಈ ಊರಿನಲ್ಲಿ ಮೋಸ ಹೋಗುತ್ತೀರಿ. ಸರಾಸರಿ 60 ಕಿ.ಮೀ. ವೇಗದಲ್ಲಿ 5,000 ಕಿ.ಮೀ. ಕ್ರಮಿಸಲು ಎಂಜಿನ್ ಸುಮಾರು 83 ಗಂಟೆ ಓಡುತ್ತದೆ. ನಗರದೊಳಗೆ ಸರಾಸರಿ 20 ಕಿ.ಮೀ. ಆದರೆ ಅಷ್ಟೇ ದೂರಕ್ಕೆ 250 ಗಂಟೆ. ಹೀಗಾಗಿ ನಗರದೊಳಗೇ ಹೆಚ್ಚು ಓಡಿಸುವವರು 5,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಆಗ, ಫಿಲ್ಟರ್ ಸಮೇತ ಬದಲಿಸುವುದು ಲೇಸು. ಆಯಿಲಿನ ದರ್ಜೆಯನ್ನು ಮ್ಯಾನ್ಯುಯಲ್ಲಿನಲ್ಲಿ ಇದ್ದಂತೆಯೇ ಹಾಕಿಸಿ. ಹೊಗೆ ಮುಚ್ಚಲು ದಪ್ಪ ಆಯಿಲ್ ಸುರಿಯುವುದು ಕಾರು ಮಾರುವವರ ತಂತ್ರ.

ಪೆಟ್ರೋಲಿನಲ್ಲಿ ಈಗ ಶೇ. 20ರವರೆಗೆ ಎಥನಾಲ್ ಬೆರೆತಿರುತ್ತದೆ. ಹಳೆಯ ಕಾರಿನ ರಬ್ಬರ್ ಪೈಪು, ಕೀಲುಗಳಲ್ಲಿ ಸೋರದಂತೆ ತಡೆಯುವ ರಬ್ಬರ್ ಬಳೆಗಳಾದ ಓ-ರಿಂಗುಗಳು ಇದಕ್ಕಾಗಿ ತಯಾರಾದವಲ್ಲ. ಎಂಜಿನ್ ಬಳಿಯ ಪೆಟ್ರೋಲ್ ಪೈಪುಗಳನ್ನು ಬದಲಿಸುವಾಗ ಮೇಲೆ 'ಜೆ30ಆರ್9' ಎಂದು ಅಚ್ಚಾಗಿರುವ, ಇಂಜೆಕ್ಷನ್ ಎಂಜಿನ್‌ಗಳಿಗೆಂದೇ ಬರುವ ಪೈಪನ್ನು ಕೇಳಿ ಪಡೆಯಿರಿ. ಎಥನಾಲ್ ತೇವವನ್ನು ಹೀರಿಕೊಳ್ಳುವುದರಿಂದ ವಾರಕ್ಕೊಮ್ಮೆ ಮಾತ್ರ ಹೊರಡುವ ಕಾರಿನ ಟ್ಯಾಂಕನ್ನು ಅರೆಬರೆ ಖಾಲಿ ಬಿಡಬೇಡಿ. ಬಾನೆಟ್ ತೆರೆದಾಗ ಪೆಟ್ರೋಲಿನ ವಾಸನೆ ಬಂದರೆ ಕಾರನ್ನು ಅಲ್ಲೇ ನಿಲ್ಲಿಸಿ, ಗ್ಯಾರೇಜಿಗೆ ಓಡಿಸಿಕೊಂಡು ಹೋಗುವ ಸಾಹಸ ಬೇಡ.

ಹಂತ 5: ಬ್ರೇಕ್

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಹೀರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಸೇರಿದ ಅದೇ ಆಯಿಲಿಗೆ ಮಾನದಂಡ 155ಕ್ಕಿಳಿಯುತ್ತದೆ. ನಂದಿಬೆಟ್ಟದಿಂದ ಇಳಿಯುವಾಗ ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಗಿ ಒಳಕ್ಕೆ ಹೋಗುವುದಕ್ಕೆ ಈ ವ್ಯತ್ಯಾಸವೂ ಕಾರಣವಾಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಪ್ರತಿಸಲ ಸೀಲ್ ಒಡೆಯದ ಹೊಸ ಡಬ್ಬಿಯನ್ನೇ ಬಳಸಿ. ಡಾಟ್ 5 ಸಿಲಿಕೋನ್ ಆಧಾರಿತ, ಅದನ್ನು ಡಾಟ್ 3 ಅಥವಾ 4ರ ಜೊತೆ ಸೇರಿಸಬಾರದು. ಡಾಟ್ 5.1 ಬೇರೆ ವಸ್ತು, ಹೆಸರು ನೋಡಿ ಗೊಂದಲವಾಗಬೇಡಿ.

ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಮೇಲೆಯೇ ಕೆತ್ತಿರುತ್ತಾರೆ. ಲೇತ್ ಅಂಗಡಿಯಲ್ಲಿ ಉಜ್ಜಿಸಿ ನುಣುಪು ಮಾಡಿದ ಮೇಲೂ ಆ ದಪ್ಪ ಉಳಿಯುವಂತಿದ್ದರೆ ಮಾತ್ರ ಉಜ್ಜಿಸಿ. ಚಕ್ರದ ಹತ್ತಿರದ ರಬ್ಬರ್ ಬ್ರೇಕ್ ಹೋಸನ್ನು ಬಗ್ಗಿಸಿ ನೋಡಿದಾಗ ಸಣ್ಣ ಬಿರುಕು ಕಂಡರೂ ಬದಲಿಸಲೇಬೇಕು.

ಹಂತ 6: ಟೈರ್ ಮತ್ತು ಸಸ್ಪೆನ್ಷನ್

ಟೈರಿನ ಪಕ್ಕದಲ್ಲಿ ಡಾಟ್ ಎಂಬ ಗುರುತಿನ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. '2319' ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡುವ ಕಾರುಗಳಲ್ಲಿ ಹಲ್ಲು ಚೆನ್ನಾಗಿದ್ದೂ ರಬ್ಬರ್ ಕಲ್ಲಾಗಿರುತ್ತದೆ, ಮಳೆಯಲ್ಲಿ ಅದು ಹಿಡಿಯುವುದಿಲ್ಲ. ಆರು ವರ್ಷ ದಾಟಿದ ಟೈರಿನಲ್ಲಿ ವೇಗದ ಓಡಾಟ ಬೇಡವೆಂಬುದು ನನ್ನ ಸಲಹೆ.

ಸಸ್ಪೆನ್ಷನ್ನಿನಲ್ಲಿ ಮೊದಲು ಬುಷ್‌ಗಳನ್ನು ನೋಡಿಸಿ, ಅಂದರೆ ಲೋಹದ ಭಾಗಗಳ ನಡುವೆ ಕುಳಿತು ಅದುರನ್ನು ನುಂಗುವ ರಬ್ಬರ್ ಉಂಗುರಗಳನ್ನು. ಲೋವರ್ ಆರ್ಮ್ ಬುಷ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್, ಎಂಜಿನ್ ಮೌಂಟ್ ಇಷ್ಟು ಹೊಸದಾದರೆ ಶಾಕ್ ಅಬ್ಸಾರ್ಬರ್ ಹಳೆಯದಿದ್ದರೂ ಕಾರು ಬೇರೆಯೇ ಆಗಿ ಕಾಣುತ್ತದೆ. ಶಾಕ್ ಬದಲಿಸುವುದಾದರೆ ಜೋಡಿಯಾಗಿಯೇ ಬದಲಿಸಿ, ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ರಬ್ಬರ್ ಬುಷ್‌ಗಳ ಬೋಲ್ಟನ್ನು ಕಾರು ನಾಲ್ಕು ಚಕ್ರದ ಮೇಲೆ ನಿಂತ ಮೇಲೆ ಕೊನೆಯದಾಗಿ ಬಿಗಿಯಬೇಕು. ಚಕ್ರ ಜೋಲುವಾಗಲೇ ಬಿಗಿದರೆ ಹೊಸ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಅವಸರದಲ್ಲಿರುವ ಗ್ಯಾರೇಜಿನಲ್ಲಿ ಇದನ್ನು ಪಕ್ಕದಲ್ಲಿ ನಿಂತು ಹೇಳಿ ಮಾಡಿಸಬೇಕಾಗುತ್ತದೆ.

ಹಂತ 7: ನೀರು ಮತ್ತು ಎಲೆ

ಮಳೆಮರ, ಹೊಂಗೆಮರಗಳ ಕೆಳಗೆ ನಿಲ್ಲುವ ಕಾರಿಗೆ ಈ ಊರಿನಲ್ಲಿ ವಿಶೇಷ ಕಾಟವಿದೆ. ಬಟ್ಟೆಯ ಟಾಪ್ ಅಥವಾ ಸನ್‌ರೂಫ್ ಇರುವ ಕಾರುಗಳಲ್ಲಿ ಮಳೆನೀರು ಇಳಿಯುವ ಸಣ್ಣ ನಾಳಗಳಿರುತ್ತವೆ. ಎಲೆ, ಹೂವಿನ ಚೂರು ತುಂಬಿ ಅವು ಕಟ್ಟಿಕೊಂಡರೆ ನೀರು ಒಳಗೆ ಇಳಿಯುತ್ತದೆ. ಮೊದಲ ಬಾಕ್ಸ್‌ಟರ್‌ಗಳಲ್ಲಿ ಹೀಗೆ ಇಳಿದ ನೀರು ಸೀಟಿನ ಕೆಳಗಿರುವ ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಮುಳುಗಿಸುತ್ತದೆ, ಆಗ ಕಾರು ಸ್ಟಾರ್ಟ್ ಆಗುವುದಿಲ್ಲ. ಅದರ ಮುಂಬದಿಯ ರೇಡಿಯೇಟರುಗಳ ಬಾಯಲ್ಲೂ ಎಲೆ ಸೇರಿಕೊಳ್ಳುತ್ತದೆ. ಮೇ ತಿಂಗಳ ಮಳೆಗೆ ಮುಂಚೆ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಎರಡನ್ನೂ ಶುಚಿ ಮಾಡಿಸಿ. ಅಂಡರ್‌ಪಾಸಿನಲ್ಲಿ ನೀರು ನಿಂತಿದ್ದರೆ ತಗ್ಗಿನ ಕಾರನ್ನು ಇಳಿಸಬೇಡಿ. ಎಂಜಿನ್ ನೀರು ಎಳೆದುಕೊಂಡು ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಲು ನೋಡುವುದೇ ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಾಗಲು ಕಾರಣವಾಗಬಹುದು.

ಹಂತ 8: ಬಿಡಿಭಾಗ ಕೊಳ್ಳುವುದು

ಅಂಗಡಿಗೆ ಹೋಗುವಾಗ ಕಾರಿನ ಹೆಸರಿಗಿಂತ ಪಾರ್ಟ್ ನಂಬರ್ ಮತ್ತು 17 ಅಕ್ಷರದ ಚಾಸಿ ಸಂಖ್ಯೆಯನ್ನು ಒಯ್ಯಿರಿ, ಸಾಧ್ಯವಾದರೆ ಬಿಚ್ಚಿದ ಹಳೆಯ ಭಾಗವನ್ನೇ ಒಯ್ಯಿರಿ. ಜೆ.ಸಿ. ರಸ್ತೆಯಲ್ಲಿ ಒಂದೇ ಭಾಗ ಮೂರು ದರ್ಜೆಯಲ್ಲಿ ಸಿಗುತ್ತದೆ: ಕಾರಿನ ಕಂಪನಿಯ ಪೊಟ್ಟಣದಲ್ಲಿ ಬರುವುದು, ಆ ಕಂಪನಿಗೆ ಸರಬರಾಜು ಮಾಡುವವರೇ ತಮ್ಮ ಹೆಸರಿನಲ್ಲಿ ಮಾರುವುದು, ಮತ್ತೆ ಡೂಪ್ಲಿಕೇಟ್. ಎರಡನೆಯದು ಹೆಚ್ಚಿನ ಸಲ ಸಾಕು. ಬ್ರೇಕ್, ಬೆಲ್ಟ್, ಸೆನ್ಸರ್, ಇಂಧನದ ಪೈಪು ಇವುಗಳಲ್ಲಿ ಡೂಪ್ಲಿಕೇಟ್ ಕಡೆ ತಿರುಗಿಯೂ ನೋಡಬೇಡಿ. ಶಿವಾಜಿನಗರದ ಗುಜರಿಯಲ್ಲಿ ಒಳಗಿನ ಟ್ರಿಮ್, ಲೈಟಿನ ಕವಚ, ಸ್ವಿಚ್‌ಗಳಂಥವು ಸಿಕ್ಕರೆ ಅದೃಷ್ಟ, ಆದರೆ ಬಿಲ್ ಕೊಡದವರ ಹತ್ತಿರ ಎಂಜಿನ್ ಭಾಗ ಕೊಳ್ಳಬೇಡಿ. ಎಲ್ಲಿಯೂ ಸಿಗದ ಲೋಹದ ಬ್ರಾಕೆಟ್, ಸ್ಪೇಸರುಗಳನ್ನು ಮಾದರಿ ಕೊಟ್ಟು ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಮಾಡಿಸಿಕೊಳ್ಳಬಹುದು.

ಹಂತ 9: ಹಿತಮಿತವಾದ ಅಪ್‌ಗ್ರೇಡ್

ಮೇಲಿನದೆಲ್ಲ ಮುಗಿದು ಕಾರು ಒಂದು ಮಳೆಗಾಲ, ಒಂದು ಬೇಸಿಗೆ ತೊಂದರೆಯಿಲ್ಲದೆ ಕಳೆದ ಮೇಲೆ ಇಲ್ಲಿಗೆ ಬನ್ನಿ. ಮೊದಲ ಅಪ್‌ಗ್ರೇಡ್ ಒಳ್ಳೆಯ ಟೈರ್. ಅಳತೆ ಬದಲಿಸುವುದಾದರೆ ಚಕ್ರದ ಒಟ್ಟು ವ್ಯಾಸ ಮೂಲಕ್ಕಿಂತ ಶೇ. 3ಕ್ಕಿಂತ ಹೆಚ್ಚು ಆಚೀಚೆ ಆಗಬಾರದು. ಉದಾಹರಣೆಗೆ 175/65 ಆರ್14 ಟೈರಿನ ವ್ಯಾಸ 583 ಮಿ.ಮೀ., 185/60 ಆರ್14ರದ್ದು 578, ಇದು ಸರಿಹೊಂದುತ್ತದೆ. ಆಮೇಲೆ ಉತ್ತಮ ದರ್ಜೆಯ ಬ್ರೇಕ್ ಪ್ಯಾಡ್ ಮತ್ತು ಮೇಲೆ ಉಕ್ಕಿನ ಜಾಲರಿಯಿರುವ ಬ್ರೇಕ್ ಹೋಸ್. ಮೂರನೆಯದು, ಹೆಡ್‌ಲೈಟಿಗೆ ರಿಲೇ, ಅಂದರೆ ಬ್ಯಾಟರಿಯಿಂದ ನೇರವಾಗಿ ವಿದ್ಯುತ್ತು ಹರಿಸುವ ವಿದ್ಯುತ್‌ಚಾಲಿತ ಸ್ವಿಚ್, ಇರುವ ಹೊಸ ವೈರಿಂಗ್. ಹಳೆಯ ಸ್ವಿಚ್ಚಿನ ಮೂಲಕ ಹೋಗುವ ವಿದ್ಯುತ್ತು ದಾರಿಯಲ್ಲೇ ಸೋರುವುದರಿಂದ, ರಿಲೇ ಹಾಕಿದಾಗ 60/55 ವ್ಯಾಟಿನ ಅದೇ ಬಲ್ಬ್ ಕಣ್ಣಿಗೆ ಕಾಣುವಷ್ಟು ಪ್ರಖರವಾಗುತ್ತದೆ. ಹೆಚ್ಚು ವ್ಯಾಟಿನ ಬಲ್ಬ್ ಹಾಕಿದರೆ ಹೋಲ್ಡರ್ ಕರಗುತ್ತದೆ, ಎದುರು ಬರುವವರ ಕಣ್ಣೂ ಕುಕ್ಕುತ್ತದೆ.

ಕಾರನ್ನು ತಗ್ಗಿಸುವ ಸ್ಪ್ರಿಂಗುಗಳನ್ನು ನಮ್ಮ ಬಡಾವಣೆಗಳ ಸ್ಪೀಡ್ ಬ್ರೇಕರುಗಳನ್ನು ನೋಡಿದ ಯಾರಿಗೂ ನಾನು ಹೇಳಲಾರೆ. ತೆರೆದ ಏರ್ ಫಿಲ್ಟರ್ ಸದ್ದನ್ನು ಕೊಡುತ್ತದೆ, ಆದರೆ ಬಾನೆಟ್ಟಿನೊಳಗಿನ ಬಿಸಿಗಾಳಿಯನ್ನೇ ಎಳೆಯುತ್ತದೆ. ಎಣ್ಣೆ ಹಚ್ಚುವ ಬಗೆಯದಾದರೆ ಹೆಚ್ಚಾದ ಎಣ್ಣೆ ಗಾಳಿ ಅಳೆಯುವ ಸೆನ್ಸರಿನ ಮೇಲೆ ಕೂರುತ್ತದೆ. ಮೂಲ ಪೆಟ್ಟಿಗೆಯಲ್ಲಿ ಹೊಸ ಫಿಲ್ಟರ್ ಹಾಕಿದರೆ ಸಾಕು.

ಟರ್ಬೊ ಕಾರಿನ ಮಾಲೀಕರು ಕೊನೆಗೆ ರೀಮ್ಯಾಪ್ ಬಗ್ಗೆ ಕೇಳುತ್ತಾರೆ, ಅಂದರೆ ಎಂಜಿನ್ನಿನ ಕಂಪ್ಯೂಟರಿನಲ್ಲಿರುವ ಲೆಕ್ಕವನ್ನು ತಿದ್ದಿ ಶಕ್ತಿ ಹೆಚ್ಚಿಸುವ ಕ್ರಮ. ಆಕ್ಟೇವಿಯಾದ 150 ಅಶ್ವಶಕ್ತಿ ಇದರಿಂದ 180-190ರ ಆಸುಪಾಸಿಗೆ ಏರುತ್ತದೆ, ಹಾಗೆಯೇ ಹಳೆಯ ಕ್ಲಚ್ ಜಾರಲು, ಒಣಗಿದ ವ್ಯಾಕ್ಯೂಮ್ ಪೈಪುಗಳು ಬಿರಿಯಲು, ಇಗ್ನಿಷನ್ ಕಾಯಿಲುಗಳು ಕೈಕೊಡಲು ಶುರುವಾಗುತ್ತವೆ. ಮಾಡಿಸಲೇಬೇಕೆಂದರೆ ಮೊದಲು ಈ ಮೂರನ್ನೂ ಹೊಸದು ಮಾಡಿಸಿ, ಮೂಲ ಫೈಲಿನ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಸಿದುಕೊಳ್ಳಿ, ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ ಅವರ ಉತ್ತರವನ್ನು ಪಾಲಿಸಿಯ ಜೊತೆ ಇಟ್ಟುಕೊಳ್ಳಿ. ಬದಲಾವಣೆಯನ್ನು ಮುಚ್ಚಿಟ್ಟಿದ್ದು ಅಪಘಾತದ ನಂತರ ಸರ್ವೇಯರಿಗೆ ತಿಳಿದರೆ ಕ್ಲೇಮ್ ತಿರಸ್ಕೃತವಾಗಬಹುದು.